ಎಣಿಸಲು ಬಂದರೆ ಸಾಕು, ಗಾಳ ಹಾಕಬಹುದು

ಅಡಿಕೆ ತೋಟ ಇರುವ ಮನೆಯ ಮಕ್ಕಳಿಗೆ ಗೊಣ್ಣೆ ಹುಳುವಿನ ಪರಿಚಯ ಹೇಳಬೇಕಾಗಿಲ್ಲ. ಬುಡ ಅಗೆದರೆ ಮಣ್ಣಿನಲ್ಲಿ ಅರ್ಧಚಂದ್ರದ ಹಾಗೆ ಮುದುರಿಕೊಂಡು ಸಿಗುತ್ತದಲ್ಲ, ಬಿಳಿಯ ದಪ್ಪ ಹುಳು, ಅದೇ. ಬೇರು ತಿಂದು ಮರವನ್ನೇ ಸೊರಗಿಸುವ ಖದೀಮ. ಇಂಗ್ಲಿಷಿನವರು ಅದನ್ನು ‘ಗ್ರಬ್’ ಎನ್ನುತ್ತಾರೆ. ಅಮೆರಿಕದ ಗಾಳದ ಅಂಗಡಿಗಳಲ್ಲಿ ಇದೇ ಹೆಸರಿನ ಇನ್ನೊಂದು ಹುಳು ಪೊಟ್ಟಣಗಳಲ್ಲಿ ತೂಗಾಡುತ್ತಿರುತ್ತದೆ. ಅದಕ್ಕೆ ಜೀವವಿಲ್ಲ. ಮೆತ್ತನೆಯ ಪ್ಲಾಸ್ಟಿಕ್ಕಿನಿಂದ ಮಾಡಿದ್ದು. ಬೆರಳುದ್ದದ ಮೈ, ಮೈತುಂಬ ಉಂಗುರದಂತಹ ಗೆರೆ, ಹಿಂದೆ ಕುಡುಗೋಲಿನ ಹಾಗೆ ಬಾಗಿದ ತೆಳ್ಳನೆಯ ಬಾಲ. ಮಕ್ಕಳೇ, ಈ ವಾರ ಆ ಹುಳುವಿನ ಪಾಠ. ಅದನ್ನು ಗಾಳಕ್ಕೆ ಸಿಕ್ಕಿಸುವುದು ಹೇಗೆ, ನೀರಿನಲ್ಲಿ ಆಡಿಸುವುದು ಹೇಗೆ ಎಂದು ನೋಡೋಣ.

‘ಅಮೆರಿಕದ ಗಾಳ ನಮಗೇಕೆ ಸ್ವಾಮಿ?’ ಎಂದು ದೊಡ್ಡವರು ಕೇಳಬಹುದು. ಕಾರಣವಿದೆ. ನಮ್ಮ ಓದುಗರಲ್ಲಿ ಎಷ್ಟೋ ಮಂದಿ ಮಗನ ಮನೆಗೋ ಮಗಳ ಮನೆಗೋ ಹೋಗಿ ಐದಾರು ತಿಂಗಳು ಇದ್ದು ಬರುವವರು. ಮೊದಲ ಹದಿನೈದು ದಿನ ಜಲಪಾತ, ದೇವಸ್ಥಾನ, ಮಾಲ್ ಎಂದು ಕಳೆಯುತ್ತದೆ. ಆಮೇಲೆ ಮಕ್ಕಳು ಕೆಲಸಕ್ಕೆ, ಮೊಮ್ಮಕ್ಕಳು ಶಾಲೆಗೆ. ಸಂಜೆ ಮೊಮ್ಮಗ ಬಂದು ಎದುರಿಗೆ ಕೂತರೆ ಅವನ ಕನ್ನಡ ನಾಲ್ಕು ವಾಕ್ಯಕ್ಕೆ ಮುಗಿಯುತ್ತದೆ. ಅವನ ಇಂಗ್ಲಿಷು ನಮ್ಮ ಕಿವಿಗೆ ಹತ್ತುವುದಿಲ್ಲ. ಇಬ್ಬರೂ ನಕ್ಕು ಸುಮ್ಮನಾಗುತ್ತೇವೆ. ಇಂಥ ಹೊತ್ತಿನಲ್ಲಿ, ಹೆಚ್ಚು ಮಾತು ಬೇಡದ, ಇಬ್ಬರೂ ಪಕ್ಕಪಕ್ಕ ನಿಂತು ಮಾಡಬಹುದಾದ ಕೆಲಸವೊಂದು ಬೇಕು. ನಮ್ಮಿಬ್ಬರಿಗೆ ಸಿಕ್ಕಿದ್ದು ಈ ಹುಳು. ನನ್ನ ಮಗಳ ಮನೆ ನಾರ್ತ್ ಕ್ಯಾರೊಲಿನಾ ರಾಜ್ಯದ ಕ್ಯಾರಿ ಎಂಬ ಊರಿನಲ್ಲಿದೆ. ಪಕ್ಕದ ಮನೆಯಲ್ಲಿ ಅಂಚೆ ಇಲಾಖೆಯಿಂದ ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ನನಗೂ ಹತ್ತು ವರ್ಷದ ಮೊಮ್ಮಗನಿಗೂ ಒಟ್ಟಿಗೇ ಗಾಳದ ಅಕ್ಷರಾಭ್ಯಾಸ ಮಾಡಿಸಿದವರು ಅವರು.

ಮೊದಲು ಮೀನಿನ ವಿಷಯ. ಅದರ ಹೆಸರು ಬಾಸ್. ಮೂವತ್ತಕ್ಕೂ ಹೆಚ್ಚು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ನನಗೆ ಆ ಹೆಸರು ಕೇಳಿದರೇ ಎದ್ದು ನಿಲ್ಲುವ ಅಭ್ಯಾಸ! ನೀರಿನ ಬಾಸ್‌ನಲ್ಲಿ ಮುಖ್ಯವಾಗಿ ಎರಡು ಬಗೆ. ದೊಡ್ಡ ಬಾಯಿಯದು ಒಂದು, ಸಣ್ಣ ಬಾಯಿಯದು ಇನ್ನೊಂದು. ಬಾಯಿ ಮುಚ್ಚಿದಾಗ ದವಡೆಯ ತುದಿ ಕಣ್ಣನ್ನು ದಾಟಿ ಹಿಂದಕ್ಕೆ ಹೋಗಿದ್ದರೆ ಅದು ದೊಡ್ಡ ಬಾಯಿಯ ಬಾಸ್. ಜೊಂಡು, ಪಾಚಿ ಬೆಳೆದ ನಿಂತ ನೀರು ಅದಕ್ಕೆ ಇಷ್ಟ. ಸಣ್ಣ ಬಾಯಿಯದಕ್ಕೆ ಕಲ್ಲುಗಳಿರುವ ತಂಪಾದ ತಿಳಿನೀರು ಬೇಕು. ಎರಡೂ ಸಣ್ಣ ಮೀನು, ಸಿಹಿನೀರಿನ ಸಿಗಡಿ, ಕಪ್ಪೆ ಹಿಡಿದು ತಿನ್ನುವ ಬೇಟೆಗಾರರು.

ಈ ಮೀನು ಎಷ್ಟು ದೊಡ್ಡದಾಗಬಹುದು? 1932ರ ಜೂನ್ 2ರಂದು ಜಾರ್ಜಿಯಾ ರಾಜ್ಯದ ಮಾಂಟ್ಗೊಮರಿ ಕೆರೆಯಲ್ಲಿ ಜಾರ್ಜ್ ಪೆರ್ರಿ ಎಂಬಾತ ಹಿಡಿದ ದೊಡ್ಡ ಬಾಯಿಯ ಬಾಸ್ 22 ಪೌಂಡು 4 ಔನ್ಸು ತೂಗಿತ್ತು. ನಮ್ಮ ಲೆಕ್ಕದಲ್ಲಿ ಹತ್ತು ಕಿಲೋ. ಎಪ್ಪತ್ತೇಳು ವರ್ಷ ಆ ದಾಖಲೆಯ ಹತ್ತಿರಕ್ಕೆ ಬಂದು ಅದನ್ನು ಸರಿಗಟ್ಟಿದವರಿಲ್ಲ. 2009ರ ಜುಲೈ 2ರಂದು ಜಪಾನಿನ ಬಿವಾ ಸರೋವರದಲ್ಲಿ ಮನಾಬು ಕುರಿತಾ ಎಂಬುವರು ಹಿಡಿದ ಮೀನು ಒಂದು ಔನ್ಸಿಗಿಂತ ಸ್ವಲ್ಪ ಕಡಿಮೆಯಷ್ಟು ಹೆಚ್ಚು ತೂಗಿತು. ಆದರೆ ಹಳೆಯ ದಾಖಲೆ ಮುರಿಯಲು ಕನಿಷ್ಠ ಎರಡು ಔನ್ಸು ಹೆಚ್ಚಿರಬೇಕೆಂಬುದು ನಿಯಮ. ಹಾಗಾಗಿ ಇಬ್ಬರ ಹೆಸರೂ ಜೊತೆಯಾಗಿ ಉಳಿದಿವೆ. ಅಷ್ಟೊಂದು ಕಟ್ಟುನಿಟ್ಟಿನ ಲೆಕ್ಕ ನೋಡಿ ನನಗಂತೂ ಸಂತೋಷವಾಯಿತು.

ಇನ್ನು ಹುಳು. 1949ರಲ್ಲಿ ಒಹಾಯೊ ರಾಜ್ಯದ ಆ್ಯಕ್ರನ್ ಊರಿನ ನಿಕ್ ಕ್ರೀಮ್ ಎಂಬಾತ ಮೆತ್ತನೆಯ ಪ್ಲಾಸ್ಟಿಕ್ಕಿನ ಎರೆಹುಳು ತಯಾರಿಸಿದ. ಟೈರು ಕಾರ್ಖಾನೆಗಳ ಊರು ಅದು. ನೇರ ಮೈಯ ಆ ಹುಳುವಿಗೆ ಬಾಗಿದ ಬಾಲದ ತಮ್ಮ ಹುಟ್ಟಿದ್ದು ಆಮೇಲೆ. 1970ರ ದಶಕದಲ್ಲಿ ಮಿಸ್ಟರ್ ಟ್ವಿಸ್ಟರ್ ಎಂಬ ಕಂಪನಿ ಅದನ್ನು ಮನೆಮಾತಾಗಿಸಿತು. ಬಾಲದ ಗುಟ್ಟು ಸರಳ. ಹುಳುವನ್ನು ಎಳೆದಾಗ ನೀರು ಬಾಲದ ಬಾಗಿಗೆ ತಾಗಿ, ಬಾಲ ಬಟ್ಟೆಯ ಬಾವುಟದ ಹಾಗೆ ಪಟಪಟನೆ ಅಲೆಯಾಡುತ್ತದೆ. ಮೀನಿನ ಪಕ್ಕೆಯ ಉದ್ದಕ್ಕೂ ಒಂದು ಗೆರೆಯಿದೆ. ನೀರಿನ ಅಲುಗಾಟವನ್ನು ಅದು ಅದರಿಂದ ತಿಳಿಯುತ್ತದೆ. ಕಣ್ಣಿಗೆ ಕಾಣದ ರಾಡಿ ನೀರಿನಲ್ಲೂ ‘ಇಲ್ಲೊಂದು ಮರಿಮೀನು ಹೋಗುತ್ತಿದೆ’ ಎಂದು ಬಾಸ್‌ಗೆ ಸುದ್ದಿ ಮುಟ್ಟುವುದು ಹಾಗೆ.

ಬೇಕಾದ ಸಾಮಾನು ಹೆಚ್ಚಿಲ್ಲ. ಆರು ಅಡಿಯ ಹಗುರ ಕೋಲು, ಅದಕ್ಕೊಂದು ರೀಲು, 6 ಅಥವಾ 8 ಪೌಂಡಿನ ನೈಲಾನ್ ದಾರ. ಪೌಂಡು ಎಂದರೆ ದಾರದ ತೂಕವಲ್ಲ, ಎಷ್ಟು ಭಾರಕ್ಕೆ ತುಂಡಾಗುತ್ತದೆ ಎಂಬ ಅಳತೆ. ಹುಳು 3 ಅಂಗುಲದ್ದಾದರೆ ಮಕ್ಕಳ ಕೈಗೆ ಸರಿ, ಸಣ್ಣ ಮೀನೂ ಕಚ್ಚುತ್ತದೆ. ದೊಡ್ಡ ಬಾಯಿಯವನಿಗೆ 4 ಅಥವಾ 5 ಅಂಗುಲ. ತಿಳಿನೀರಿಗೆ ಹೊಗೆ ಬಣ್ಣ, ಕಲ್ಲಂಗಡಿ ಸಿಪ್ಪೆಯ ಹಸಿರು, ಮುತ್ತಿನ ಬಿಳಿ. ರಾಡಿ ನೀರಿಗೆ ಕಪ್ಪು ಇಲ್ಲವೇ ಕಣ್ಣಿಗೆ ಹೊಡೆಯುವ ಹಳದಿ ಹಸಿರು. ಇಷ್ಟು ಬಣ್ಣ ಸಾಕು. ಅಂಗಡಿಯಲ್ಲಿ ನೂರು ಬಣ್ಣವಿರುತ್ತವೆ, ಅವು ಹೆಚ್ಚಾಗಿ ಹಿಡಿಯುವುದು ಮನುಷ್ಯರನ್ನು.

ಸಿಕ್ಕಿಸುವ ಕ್ರಮ ನಾಲ್ಕು. ಮೊದಲನೆಯದು ಎಲ್ಲರಿಗಿಂತ ಸುಲಭದ್ದು, ಮಕ್ಕಳು ಇದರಿಂದಲೇ ಶುರು ಮಾಡಬೇಕು. ಕೊಕ್ಕೆಯ ಕುತ್ತಿಗೆಗೆ ಗುಂಡನೆಯ ಲೋಹದ ತಲೆ ಅಂಟಿಸಿರುತ್ತಾರೆ. ಅದಕ್ಕೆ ಜಿಗ್ ಎನ್ನುತ್ತಾರೆ. ಒಂದು ಔನ್ಸಿನ ಎಂಟನೇ ಒಂದು ಭಾಗ, ಅಂದರೆ 3.5 ಗ್ರಾಂ ತೂಕದ್ದು ತೆಗೆದುಕೊಳ್ಳಿ. ಹೆಚ್ಚುಕಡಿಮೆ ಒಂದು ರೂಪಾಯಿ ನಾಣ್ಯದ ಭಾರ. ಚುಚ್ಚುವ ಮುಂಚೆ ಕೊಕ್ಕೆಯನ್ನು ಹುಳುವಿನ ಪಕ್ಕದಲ್ಲಿಟ್ಟು, ಮೊನೆ ಎಲ್ಲಿ ಹೊರಬರಬೇಕೆಂದು ಉಗುರಿನಿಂದ ಗುರುತು ಮಾಡಿ. ಮೊನೆಯನ್ನು ಹುಳುವಿನ ಮೂತಿಯ ನಟ್ಟನಡುವೆ ಇಳಿಸಿ, ಹೂವಿನ ಮಾಲೆಗೆ ಸೂಜಿ ನುಗ್ಗಿಸುವ ಹಾಗೆ ಮೈಯ ಮಧ್ಯದಲ್ಲೇ ಸಾಗಿಸಿ, ಗುರುತಿನ ಜಾಗದಲ್ಲಿ ಬೆನ್ನಿನಿಂದ ಹೊರಗೆ ತೆಗೆಯಿರಿ. ಹುಳುವಿನ ಮೂತಿ ಲೋಹದ ತಲೆಗೆ ಒತ್ತಿ ಕೂರಬೇಕು. ಬಾಲ ಕೊಕ್ಕೆಯ ಕಡೆಗೆ ಸುತ್ತಿಕೊಳ್ಳದಂತೆ ಕೆಳಮುಖವಾಗಿರಲಿ. ಕೊನೆಗೆ ಕಣ್ಣೆದುರು ಹಿಡಿದು ನೋಡಿ. ಮೈ ಗೆರೆ ಎಳೆದಂತೆ ನೇರವಾಗಿದೆಯೇ? ಎಲ್ಲಾದರೂ ಗಂಟಾಗಿ ಸುಕ್ಕುಗಟ್ಟಿದ್ದರೆ ಬಿಚ್ಚಿ ಮತ್ತೆ ಸಿಕ್ಕಿಸಿ. ಸೊಟ್ಟ ಹುಳು ನೀರಿನಲ್ಲಿ ಈಜುವುದಿಲ್ಲ, ಬುಗುರಿಯಂತೆ ತಿರುಗುತ್ತದೆ, ದಾರವೆಲ್ಲ ಹುರಿಗಟ್ಟುತ್ತದೆ.

ಎರಡನೆಯದು ಟೆಕ್ಸಸ್ ಕ್ರಮ. ಜೊಂಡು, ಬಳ್ಳಿ, ಮುಳುಗಿದ ಕೊಂಬೆ ಇರುವಲ್ಲಿ ಬೇಕಾದದ್ದು. ದಾರಕ್ಕೆ ಮೊದಲು ಬಂದೂಕಿನ ಗುಂಡಿನ ಆಕಾರದ ತೂತಿನ ತೂಕ ಪೋಣಿಸಿ, ಆಮೇಲೆ ಕುತ್ತಿಗೆ ಮುರಿದಂತಿರುವ ಕೊಕ್ಕೆ ಕಟ್ಟುತ್ತಾರೆ. ಮೊನೆಯನ್ನು ಮೂತಿಯಿಂದ ಅರ್ಧ ಸೆಂಟಿಮೀಟರ್ ಒಳಗೆ ಹಾಕಿ ಹೊಟ್ಟೆಯ ಕಡೆ ಹೊರಗೆಳೆದು, ಕೊಕ್ಕೆಯನ್ನು ತಿರುಗಿಸಿ, ಮೊನೆಯನ್ನು ಮತ್ತೆ ಮೈಯೊಳಗೆ ಹುದುಗಿಸಿಡಬೇಕು. ಮೊನೆ ಅಡಗಿರುವುದರಿಂದ ಗಿಡಕ್ಕೆ ಸಿಕ್ಕುವುದಿಲ್ಲ. ಮೀನು ಕಚ್ಚಿ ಅದುಮಿದಾಗ ಮೆತ್ತನೆಯ ಪ್ಲಾಸ್ಟಿಕ್ ಹರಿದು ಮೊನೆ ಹೊರಬರುತ್ತದೆ.

ಮೂರನೆಯದಕ್ಕೆ ನನ್ನ ಮಗಳಿರುವ ಸೀಮೆಯದೇ ಹೆಸರು, ಕ್ಯಾರೊಲಿನಾ ಕ್ರಮ. ಇಲ್ಲಿ ಅರ್ಧ ಔನ್ಸಿನಷ್ಟು ಭಾರದ ತೂಕ, ಒಂದು ಮಣಿ, ಆಮೇಲೆ ತಿರುಗುವ ಸಣ್ಣ ಕೊಂಡಿ. ಅದರಿಂದಾಚೆ ಎರಡು ಅಡಿ ದಾರದ ತುದಿಯಲ್ಲಿ ಕೊಕ್ಕೆ ಮತ್ತು ಹುಳು. ತೂಕ ತಳದ ಮೇಲೆ ತೆವಳಿ ಮಣ್ಣೆಬ್ಬಿಸುತ್ತದೆ, ಹುಳು ಅದರ ಹಿಂದೆ ಹಗುರಾಗಿ ತೇಲಾಡುತ್ತಾ ಬರುತ್ತದೆ. ಅಗಲ ಕೆರೆಯ ತಳವನ್ನು ಹುಡುಕಲು ಒಳ್ಳೆಯದು. ನಾಲ್ಕನೆಯದರಲ್ಲಿ ಎಲ್ಲ ತಲೆಕೆಳಗು. ತೂಕ ದಾರದ ಕಟ್ಟಕಡೆಗೆ, ಕೊಕ್ಕೆ ಅದಕ್ಕಿಂತ ಒಂದಡಿ ಮೇಲೆ, ಹುಳುವಿನ ಮೂತಿ ಮಾತ್ರ ಕೊಕ್ಕೆಗೆ. ಚಳಿಗೆ ಮಂಕಾಗಿ ಆಳದಲ್ಲಿರುವ ಮೀನಿನ ಮುಖದೆದುರು ಹುಳುವನ್ನು ನಿಂತಲ್ಲೇ ನಡುಗಿಸಲು ಇದು.

ಗಂಟು ಒಂದು ಕಲಿತರೆ ಸಾಕು. ದಾರವನ್ನು ಎರಡು ಮಡಿಕೆ ಮಾಡಿ ಕೊಕ್ಕೆಯ ಕಣ್ಣಿನಲ್ಲಿ ತೂರಿಸಿ, ಆ ಮಡಿಕೆಯಿಂದಲೇ ಸಡಿಲವಾಗಿ ಒಂದು ಸಾದಾ ಗಂಟು ಹಾಕಿ, ಮಡಿಕೆಯ ಕುಣಿಕೆಯೊಳಗೆ ಕೊಕ್ಕೆಯನ್ನೇ ಪೂರ್ತಿ ದಾಟಿಸಿ, ದಾರ ಒದ್ದೆ ಮಾಡಿ ನಿಧಾನವಾಗಿ ಬಿಗಿಯಿರಿ. ಒಣ ದಾರ ಬಿಗಿದರೆ ಉಜ್ಜಿ ಬಿಸಿಯಾಗಿ ಶಕ್ತಿ ಕಳೆದುಕೊಳ್ಳುತ್ತದೆ. ಇದಕ್ಕೆ ಪಾಲೊಮಾರ್ ಗಂಟು ಎಂದು ಹೆಸರು.

ಈಗ ಮುಖ್ಯ ಪಾಠಕ್ಕೆ ಬಂದೆವು. ಹುಳು ನೀರಿಗೆ ಬಿದ್ದ ಮೇಲೆ ಏನು ಮಾಡಬೇಕು? ಎಣಿಸಬೇಕು. ಅಷ್ಟೇ. ಕ್ಯಾರಿಯ ಬಾಂಡ್ ಪಾರ್ಕಿನ ಕೆರೆಯ ದಂಡೆಯಲ್ಲಿ ಅಂಚೆಯ ಹಿರಿಯರು ಇದನ್ನು ಹೇಳಿಕೊಟ್ಟಾಗ, ಕ್ಯಾಷ್ ಕೌಂಟರಿನಲ್ಲಿ ಕೂತು ಬಂದ ನನಗೆ ತವರಿಗೆ ಬಂದಂತಾಯಿತು. ಹುಳು ನೀರಿಗೆ ತಾಗಿದ ಕೂಡಲೇ ಎಣಿಕೆ ಶುರು. ಅವಸರದ ಒಂದು ಎರಡು ಮೂರು ಬೇಡ; ಎಲ್ಲ ಅಂಕಿಗೂ ಒಂದೇ ಅಳತೆಯ ಸಮಯ ಸಿಗಬೇಕು. ಅವರು ಇಂಗ್ಲಿಷಿನಲ್ಲಿ ಸಾವಿರ ಸೇರಿಸಿ ಎಣಿಸುತ್ತಿದ್ದರು. ನಾನು ಕನ್ನಡದಲ್ಲಿ ‘ಸಾವಿರದ ಒಂದು, ಸಾವಿರದ ಎರಡು, ಸಾವಿರದ ಮೂರು’ ಎಂದೆ. ಒಂದೊಂದಕ್ಕೆ ಸುಮಾರು ಒಂದು ಸೆಕೆಂಡು. ದಾರ ಇಳಿಯುವುದು ನಿಂತು ಸಡಿಲವಾದರೆ ಹುಳು ತಳ ಮುಟ್ಟಿತು ಎಂದರ್ಥ. ಅದು ಸಾವಿರದ ಹನ್ನೆರಡಕ್ಕೆ ಎಂದಿಟ್ಟುಕೊಳ್ಳಿ. ಆ ಜಾಗದ ಖಾತೆ ತೆರೆದಂತಾಯಿತು: ತಳ, ಹನ್ನೆರಡು.

ಮುಂದಿನ ಎಸೆತದಲ್ಲಿ ಹತ್ತಕ್ಕೇ ರೀಲು ಸುತ್ತಲು ಶುರು ಮಾಡಿ. ಹುಳು ತಳಕ್ಕಿಂತ ಸ್ವಲ್ಪ ಮೇಲೆ ಈಜುತ್ತಾ ಬರುತ್ತದೆ. ಮೀನು ಸಿಗಲಿಲ್ಲವೇ? ಎಂಟಕ್ಕೆ. ಆಮೇಲೆ ಆರಕ್ಕೆ. ಹೀಗೆ ನೀರನ್ನು ಮಹಡಿ ಮಹಡಿಯಾಗಿ ಹುಡುಕಬೇಕು. ಎಂಟರ ಮಹಡಿಯಲ್ಲಿ ಒಂದು ಮೀನು ಕಚ್ಚಿದರೆ ಅಲ್ಲೇ ಇನ್ನಷ್ಟು ಎಸೆಯಿರಿ. ಜೊತೆಗಾರರು ಇರುವ ಸಂಭವವುಂಟು. ಸುತ್ತುವ ವೇಗ ನಿಧಾನ, ಒಂದೇ ಸಮ. ಕೋಲನ್ನು ಜಗ್ಗಿ ಕುಣಿಸುವ ಆಸೆ ಮಕ್ಕಳಿಗೆ ಬರುತ್ತದೆ, ದೊಡ್ಡವರಿಗೂ ಬರುತ್ತದೆ. ಬೇಡ. ಬಾಲಕ್ಕೆ ಅದರ ಕೆಲಸ ಗೊತ್ತು. ತೀರಾ ಜೋರಾಗಿ ಎಳೆದರೆ ಬಾಲ ಉದ್ದಕ್ಕೆ ಚಾಚಿಕೊಂಡು ಅಲೆಯಾಡುವುದನ್ನೇ ಬಿಡುತ್ತದೆ. ಚಳಿಗಾಲದಲ್ಲಿ ಇನ್ನೂ ನಿಧಾನ.

ಇನ್ನೊಂದು ಆಟ ನೆಗೆತದ್ದು. ಹುಳು ತಳ ಮುಟ್ಟಿದ ಮೇಲೆ ಕೋಲಿನ ತುದಿಯನ್ನು ಒಂದಡಿ ಎತ್ತಿ, ಮತ್ತೆ ಇಳಿಸಿ. ಹುಳು ನೆಗೆದು, ಬಾಲ ಆಡಿಸುತ್ತಾ ಬೀಳುತ್ತದೆ. ಸಿಗಡಿ ಓಡುವ ಹಾಗೆ ಕಾಣುತ್ತದಂತೆ. ಇಲ್ಲಿ ಮೀನು ಹೆಚ್ಚಾಗಿ ಕಚ್ಚುವುದು ಹುಳು ಬೀಳುತ್ತಿರುವಾಗಲೇ. ಕೈಗೆ ಏನೂ ಗೊತ್ತಾಗದೆ ಇರಬಹುದು, ಆದ್ದರಿಂದ ಕಣ್ಣು ದಾರದ ಮೇಲಿರಲಿ. ದಾರ ಪಕ್ಕಕ್ಕೆ ಸರಿದರೆ, ಚಿಮ್ಮಿದರೆ, ಕೋಲೆತ್ತಿ. ಮತ್ತೂ ಒಂದು ಸುಳಿವಿದೆ. ತಳ ಹನ್ನೆರಡು ಎಂದು ಗೊತ್ತಿರುವಲ್ಲಿ ದಾರ ಏಳಕ್ಕೇ ನಿಂತುಬಿಟ್ಟರೆ? ಲೆಕ್ಕ ತಾಳೆಯಾಗಲಿಲ್ಲ. ಬ್ಯಾಂಕಿನಲ್ಲಿ ತಾಳೆಯಾಗದಿದ್ದರೆ ಮನೆಗೆ ಹೋಗುವಂತಿರಲಿಲ್ಲ, ವೋಚರುಗಳನ್ನೆಲ್ಲ ಮತ್ತೆ ಹರಡಬೇಕಿತ್ತು. ಇಲ್ಲಿ ಕಾರಣ ಹೆಚ್ಚಾಗಿ ಒಂದೇ: ನಡುದಾರಿಯಲ್ಲಿ ಯಾರೋ ಹುಳುವನ್ನು ಬಾಯಿಗೆ ಹಾಕಿಕೊಂಡಿದ್ದಾರೆ!

ನನ್ನ ಮೊಮ್ಮಗನಿಗೆ ಕನ್ನಡದ ಎಣಿಕೆ ಹತ್ತರವರೆಗೆ ಬರುತ್ತಿತ್ತು. ಕೆರೆಯ ಆಳದ ಕಡೆ ಎಸೆಯಬೇಕಾದರೆ ಹದಿನೆಂಟು, ಇಪ್ಪತ್ತು ಬೇಕು. ‘ಅಜ್ಜ, ಹತ್ತಾದ ಮೇಲೆ?’ ಎಂದ. ‘ಹನ್ನೊಂದು’ ಎಂದೆ. ನಾನು ಕೂರಿಸಿ ಕಲಿಸಿದ್ದರೆ ಅವನು ಓಡಿಹೋಗುತ್ತಿದ್ದ. ಮೀನು ಹದಿನಾಲ್ಕರಲ್ಲಿದೆ ಎಂದಾಗ ಹದಿನಾಲ್ಕು ತಾನಾಗಿ ಬಂತು. ಈಗ ಫೋನಿನಲ್ಲಿ ‘ಅಜ್ಜ, ನಿನ್ನೆ ಸಾವಿರದ ಹದಿನಾರಕ್ಕೆ ಕಚ್ಚಿತು’ ಎಂದು ವರದಿ ಕೊಡುತ್ತಾನೆ.

ಇಲ್ಲಿಯೇ ಇರುವ ಮಕ್ಕಳಿಗೂ ಒಂದು ಪ್ರಯೋಗ. ಒಡೆದ ಬಲೂನಿನಿಂದ ಕುಡುಗೋಲಿನ ಆಕಾರದ ಪಟ್ಟಿಯೊಂದನ್ನು ಕತ್ತರಿಸಿ. ಸಣ್ಣ ನಟ್ಟಿಗೆ ದಾರ ಕಟ್ಟಿ, ಅದರ ಹಿಂದೆ ಈ ಬಾಲವನ್ನು ಬಿಗಿಯಿರಿ. ಅಗಲವಾದ ಟಬ್ಬಿನ ನೀರಿನಲ್ಲಿ ನಿಧಾನವಾಗಿಯೂ ಜೋರಾಗಿಯೂ ಎಳೆದು ನೋಡಿ. ಯಾವ ವೇಗಕ್ಕೆ ಬಾಲ ಚೆನ್ನಾಗಿ ಆಡುತ್ತದೆ ಎಂದು ಬರೆದಿಟ್ಟುಕೊಳ್ಳಿ. ಮೀನು ಬೇಕಾಗಿಲ್ಲ, ಕೊಕ್ಕೆಯೂ ಬೇಡ.

ಈಗ ಮನಸ್ಸಿನಲ್ಲಿರುವ ಪ್ರಶ್ನೆ. ನಮ್ಮ ಮನೆಯಲ್ಲಿ ಮೀನು ತಿನ್ನುವುದಿಲ್ಲ. ತಿನ್ನದವರಿಗೆ ಹಿಡಿಯುವ ಚಟವೇಕೆ, ಪಾಪವಲ್ಲವೇ ಎಂದು ನನ್ನ ಹೆಂಡತಿಯೇ ಕೇಳಿದ್ದಾಳೆ. ಮೀನಿಗೆ ಏನೂ ಆಗುವುದಿಲ್ಲ ಎಂದು ನಾನು ವಾದಿಸುವುದಿಲ್ಲ. ಕೊಕ್ಕೆ ಕೊಕ್ಕೆಯೇ. ಹಿಡಿದು ಬಿಡುವವನಿಗೆ ತಿನ್ನುವವನಿಗಿಂತ ಜವಾಬ್ದಾರಿ ಹೆಚ್ಚು ಎಂಬುದಷ್ಟೇ ನನ್ನ ಉತ್ತರ. ಜೀವಂತ ಎರೆಹುಳುವನ್ನು ಮೀನು ಗಂಟಲವರೆಗೆ ನುಂಗುವ ಸಂಭವ ಹೆಚ್ಚು. ಈಜುತ್ತಿರುವ ಪ್ಲಾಸ್ಟಿಕ್ ಹುಳುವಿನಲ್ಲಿ ಒಂದೇ ಕೊಕ್ಕೆ, ಅದು ಸಾಮಾನ್ಯವಾಗಿ ತುಟಿಗೆ ಸಿಕ್ಕುತ್ತದೆ. ಕೊಕ್ಕೆಯ ಮೊನೆಯ ಹಿಂದಿರುವ ಮುಳ್ಳನ್ನು ಇಕ್ಕಳದಿಂದ ಅದುಮಿ ಚಪ್ಪಟೆ ಮಾಡಿದರೆ ಸುಲಭವಾಗಿ ಬಿಡಿಸಬಹುದು. ಮಗುವಿನ ಬೆರಳಿಗೆ ಚುಚ್ಚಿದರೂ ಅಷ್ಟೇ ಸುಲಭ. ಮೀನನ್ನು ಮುಟ್ಟುವ ಮುಂಚೆ ಕೈ ಒದ್ದೆ ಮಾಡಿಕೊಳ್ಳಿ, ಒಣ ಕೈ ಅದರ ಮೈಯ ಲೋಳೆಯನ್ನು ಕಿತ್ತುಬಿಡುತ್ತದೆ. ಹೆಬ್ಬೆರಳಿನಿಂದ ಕೆಳದುಟಿ ಹಿಡಿದು, ಇನ್ನೊಂದು ಕೈಯನ್ನು ಹೊಟ್ಟೆಯ ಕೆಳಗೆ ಕೊಡಿ. ಬಾಸ್‌ನ ಹಲ್ಲು ಮರಳು ಕಾಗದದಷ್ಟೇ ಒರಟು, ಹೆದರಬೇಕಿಲ್ಲ. ಒಂದು ಫೋಟೊ, ಆಮೇಲೆ ನೀರು. ವಸಂತದಲ್ಲಿ ದಡದ ಹತ್ತಿರ ತಳವನ್ನು ತಟ್ಟೆಯಂತೆ ಗುಡಿಸಿದ ಗೂಡು ಕಂಡರೆ ಅಲ್ಲಿಗೆ ಗಾಳ ಎಸೆಯಬೇಡಿ. ಅಲ್ಲಿ ಗಂಡು ಬಾಸ್ ಮೊಟ್ಟೆಗಳಿಗೆ ಕಾವಲು ನಿಂತಿರುತ್ತದೆ. ಅದನ್ನು ಎತ್ತಿಕೊಂಡರೆ ಬೇರೆ ಮೀನುಗಳು ಮೊಟ್ಟೆ ತಿಂದು ಹೋಗುತ್ತವೆ.

ಕೆಲವು ನಿಯಮಗಳು. ಅಮೆರಿಕದಲ್ಲಿ ಗಾಳ ಹಾಕಲು ಲೈಸೆನ್ಸ್ ಬೇಕು. ನಾರ್ತ್ ಕ್ಯಾರೊಲಿನಾದಲ್ಲಿ 16 ವರ್ಷದೊಳಗಿನ ಮಕ್ಕಳಿಗೆ ಬೇಡ. ಅಜ್ಜ ಕೋಲು ಹಿಡಿಯುವುದಾದರೆ ಅಜ್ಜನಿಗೆ ಬೇಕು. ಹೊರಗಿನವರಿಗೆ ಹತ್ತು ದಿನದ್ದೂ ಸಿಗುತ್ತದೆ, ವರ್ಷದ್ದೂ ಸಿಗುತ್ತದೆ. ಬೇರೆ ರಾಜ್ಯದಲ್ಲಿ ಬೇರೆ ಕಾನೂನು, ಅಳಿಯನಿಗೋ ಸೊಸೆಗೋ ಹೇಳಿ ಮೊದಲೇ ವಿಚಾರಿಸಿ. ಮೀನು ತಿನ್ನುವ ಮನೆಯವರು ಎಷ್ಟು ಉದ್ದದ್ದನ್ನು, ಎಷ್ಟು ಸಂಖ್ಯೆಯಲ್ಲಿ ಇಟ್ಟುಕೊಳ್ಳಬಹುದು ಎಂಬುದನ್ನೂ, ಆ ಕೆರೆಯ ಮೀನು ತಿನ್ನಲು ಯೋಗ್ಯವೇ ಎಂಬ ಫಲಕವನ್ನೂ ಓದಬೇಕು. ಎಸೆಯುವ ಮುಂಚೆ ಪ್ರತಿಸಲ ಹಿಂದೆ ತಿರುಗಿ ನೋಡುವುದು ಮೊದಲ ಪಾಠ. ಕಣ್ಣಿಗೆ ಕನ್ನಡಕ ಇರಲಿ. ಜಿಗ್‌ನ ತಲೆ ಸೀಸದ್ದಾದರೆ ತಿಂಡಿ ಮುಟ್ಟುವ ಮುಂಚೆ ಕೈ ತೊಳೆಯಿರಿ. ಹುಳುಗಳನ್ನು ಅವು ಬಂದ ಪೊಟ್ಟಣದಲ್ಲೇ ಇಡಿ. ಬೇರೆ ಬೇರೆ ಬಣ್ಣದವನ್ನು ಒಟ್ಟಿಗೆ ಹಾಕಿದರೆ ಬಣ್ಣ ಕಲೆಸಿಹೋಗುತ್ತದೆ. ಕೆಲವು ಡಬ್ಬಿಗಳನ್ನೇ ಕರಗಿಸಿಬಿಡುತ್ತವೆ.

ಹರಿದ ಹುಳುವನ್ನು ಮಾತ್ರ ನೀರಿಗೆ ಎಸೆಯಬಾರದು. ಅದು ಕೊಳೆಯುವುದಿಲ್ಲ. ನೀರು ಕುಡಿದು ಉಬ್ಬುತ್ತದೆ, ಮೀನು ನುಂಗಿದರೆ ಹೊಟ್ಟೆಯಲ್ಲಿ ಕೂತುಬಿಡುತ್ತದೆ. ಅಂಚೆಯ ಹಿರಿಯರ ಅಂಗಿಯ ಜೇಬಿನಲ್ಲಿ ಒಂದು ಹಳೆಯ ಲಕೋಟೆ ಇರುತ್ತದೆ, ಹರಿದದ್ದೆಲ್ಲ ಅದಕ್ಕೆ. ನಾವು ಒಂದು ಹೆಜ್ಜೆ ಮುಂದೆ ಹೋಗಿ ಬೆಳಿಗ್ಗೆ ಎಷ್ಟು ಹುಳು ತಂದೆವು, ಕೊಕ್ಕೆಯಲ್ಲಿ ಎಷ್ಟು, ಲಕೋಟೆಯಲ್ಲಿ ಎಷ್ಟು, ಕೊಂಬೆಗೆ ಸಿಕ್ಕಿ ಹೋದದ್ದೆಷ್ಟು ಎಂದು ಹೊರಡುವ ಮುಂಚೆ ತಾಳೆ ನೋಡುತ್ತೇವೆ. ಆ ಲೆಕ್ಕ ಮೊಮ್ಮಗನ ಜವಾಬ್ದಾರಿ.

ಈ ಬೇಸಿಗೆಯಲ್ಲಿ ವಿಮಾನ ಹತ್ತಲಿರುವ ಅಜ್ಜ ಅಜ್ಜಿಯರೇ, ಸಾಮಾನು ಯಾವುದನ್ನೂ ಇಲ್ಲಿಂದ ಹೊರಬೇಡಿ. ಚಟ್ನಿಪುಡಿ, ಹಪ್ಪಳಕ್ಕೇ ಪೆಟ್ಟಿಗೆಯಲ್ಲಿ ಜಾಗ ಸಾಲದು. ಕೋಲು, ಕೊಕ್ಕೆ, ಹುಳು ಎಲ್ಲ ಅಲ್ಲೇ ಸಿಗುತ್ತವೆ. ಕನ್ನಡದ ಎಣಿಕೆ ಅಲ್ಲಿನ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ, ಅದೊಂದನ್ನು ಜೊತೆಗೆ ಒಯ್ಯಿರಿ.